ಕಾಯುವಿಕೆ ಮತ್ತು ತಾಳ್ಮೆ: ಬೆಂಗಳೂರು ದಂಡುಪ್ರದೇಶದ ಕ್ರೈಸ್ತ ಚರಿತ್ರೆಯ ಒಂದು ಪರಿಶೀಲನೆ

1

ತಾಳ್ಮೆಯನ್ನು ನೀತಿಬೋಧೆಯ ವಿಷಯವೆಂದು ಭಾವಿಸುವುದು ವಾಡಿಕೆ. ಯುದ್ಧ, ಒಪ್ಪಂದ, ಕಂದಾಯ, ಶಾಸನ ಮೊದಲಾದ ದಾಖಲೆಗೆ ನಿಲುಕುವ ಸಂಗತಿಗಳನ್ನು ಅರಸುವ ಚರಿತ್ರಕಾರನು ಅದನ್ನು ಪುರಾಣಿಕರಿಗೂ ಪಾದ್ರಿಗಳಿಗೂ ಬಿಟ್ಟುಕೊಡುತ್ತಾನೆ. ಆದರೆ ಒಂದು ಸಮುದಾಯವು ಹಲವು ತಲೆಮಾರುಗಳ ಕಾಲ ಯಾವುದೋ ಒಂದು ಫಲವನ್ನು ನಿರೀಕ್ಷಿಸಿ ಬದುಕಿದ್ದಾದರೆ, ಆ ನಿರೀಕ್ಷೆಯ ಕಾಲವನ್ನು ಅದು ಹೇಗೆ ಕಳೆಯಿತೆಂಬುದೂ ಚರಿತ್ರೆಯ ವಿಷಯವೇ ಆಗುತ್ತದೆ. ಬೆಂಗಳೂರಿನ ದಂಡುಪ್ರದೇಶದಲ್ಲಿಯೂ ಅದಕ್ಕೆ ಸೇರಿದಂತಿರುವ ಪೂರ್ವಭಾಗದಲ್ಲಿಯೂ ಕಳೆದ ಎರಡು ಶತಮಾನಗಳಲ್ಲಿ ನೆಲೆಗೊಂಡ ಕ್ರೈಸ್ತ ಜೀವನವನ್ನು ಈ ದೃಷ್ಟಿಯಿಂದ ನೋಡುವುದು ಪ್ರಕೃತ ಲೇಖನದ ಉದ್ದೇಶ. ಧರ್ಮೋಪದೇಶ ನಮ್ಮ ಕೆಲಸವಲ್ಲ. ಆದರೆ ಧರ್ಮವು ಹೇಳಿದ ಮಾತು ನಡೆಯಲ್ಲಿ ಏನಾಯಿತೆಂದು ಕೇಳುವ ಅಧಿಕಾರ ಚರಿತ್ರೆಗೆ ಇದೆ.

ಮೊದಲು ಶಬ್ದದ ಮಾತು. ಕ್ರೈಸ್ತರ ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ತಾಳ್ಮೆಗೆ ಮುಖ್ಯವಾಗಿ ಎರಡು ಪದಗಳಿವೆ. 'ಹೂಪೊಮೊನೆ' ಎಂಬುದಕ್ಕೆ ಹೊರೆಯ ಅಡಿಯಲ್ಲಿ ಕದಲದೆ ನಿಲ್ಲುವುದು ಎಂದರ್ಥ. 'ಮಕ್ರೊಥೂಮಿಯ' ಎಂಬುದು ಇತರರ ವಿಷಯದಲ್ಲಿ ಬೇಗನೆ ಕೋಪಗೊಳ್ಳದ ದೀರ್ಘವಾದ ಮನಸ್ಸು. ಕನ್ನಡ ಅನುವಾದಕರು ಇದಕ್ಕೆ 'ದೀರ್ಘಶಾಂತಿ' ಎಂಬ ಸುಂದರವಾದ ಪದವನ್ನು ಬಳಸಿದರು. ನಮ್ಮ ಭಾಷೆಯಲ್ಲಿಯೂ ಇಂಥ ಎರಡು ಧಾತುಗಳಿವೆ. 'ತಾಳು' ಎಂದರೆ ಹೊರು, ಸಹಿಸು. 'ಸ್ವಲ್ಪ ತಾಳಿ' ಎಂದಾಗ ಅದೇ ನಿರೀಕ್ಷಿಸು ಎಂಬ ಅರ್ಥವನ್ನು ಕೊಡುತ್ತದೆ. 'ಕಾಯು' ಎಂಬುದು ಇನ್ನೂ ಗಮನಾರ್ಹ. ಬರುವವರಿಗಾಗಿ ಕಾಯುತ್ತೇವೆ, ಹೊಲವನ್ನೂ ಕಾಯುತ್ತೇವೆ, ಕುರಿಯನ್ನೂ ಕಾಯುತ್ತೇವೆ. ನಿರೀಕ್ಷಿಸುವುದು, ಕಾಪಾಡುವುದು ಎಂಬ ಎರಡು ಕೆಲಸಗಳನ್ನು ಕನ್ನಡವು ಒಂದೇ ಕ್ರಿಯಾಪದದಲ್ಲಿ ಹಿಡಿದಿಟ್ಟಿದೆ. ಈ ಎರಡು ಅರ್ಥಗಳು ಕೂಡಿಕೊಂಡ ಕಡೆ ತಾಳ್ಮೆ ಬೆಳೆಯಿತೆಂದೂ, ಅವು ಬೇರ್ಪಟ್ಟ ಕಡೆ ಅದು ನಿರಾಶೆಯಾಗಿಯೋ ಅನ್ಯಾಯವಾಗಿಯೋ ಪರಿಣಮಿಸಿತೆಂದೂ ಮುಂದಿನ ಪರಿಶೀಲನೆಯಿಂದ ತೋರಿಬರುತ್ತದೆ.

2

ದಂಡುಪ್ರದೇಶದ ಹುಟ್ಟನ್ನು ಸಂಕ್ಷೇಪವಾಗಿ ನೆನೆಯುವುದು ಅವಶ್ಯಕ. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಬ್ರಿಟಿಷ್ ಸೈನ್ಯವು ಕೆಲವು ವರ್ಷ ಅಲ್ಲಿಯೇ ಬೀಡುಬಿಟ್ಟಿತ್ತು. ಆ ಸ್ಥಳದ ಜ್ವರಬಾಧೆಯನ್ನು ತಾಳಲಾರದೆ ಆರೋಗ್ಯಕರವಾದ ಎತ್ತರದ ನೆಲವನ್ನು ಹುಡುಕಿ 1809ರಲ್ಲಿ ಬೆಂಗಳೂರಿನ ಪೂರ್ವಕ್ಕೆ, ಹಲಸೂರಿನ ಆಸುಪಾಸಿನಲ್ಲಿ, ದಂಡು ನೆಲೆಸಿತು. ಹಲಸೂರು ದಂಡಿಗಿಂತ ಬಹಳ ಹಳೆಯ ಊರು. ಅಲ್ಲಿನ ಸೋಮೇಶ್ವರ ದೇವಾಲಯವೇ ಇದಕ್ಕೆ ಸಾಕ್ಷಿ. ಸೈನ್ಯದ ಜೊತೆಯಲ್ಲಿ ತಮಿಳು, ತೆಲುಗು, ಉರ್ದು ಮಾತನಾಡುವ ಸಿಪಾಯಿಗಳೂ ವರ್ತಕರೂ ಕುಶಲಕರ್ಮಿಗಳೂ ಮನೆಗೆಲಸದವರೂ ಬಂದರು. ಕೆಂಪೇಗೌಡನ ಪೇಟೆಯು ಕನ್ನಡದ ಊರಾಗಿ ಮೈಸೂರು ಸಂಸ್ಥಾನದಲ್ಲಿ ಉಳಿಯಿತು. ದಂಡು ಹಲವು ಭಾಷೆಗಳ ಬೇರೊಂದು ಊರಾಯಿತು. 1881ರಲ್ಲಿ ಸಂಸ್ಥಾನವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ದಂಡುಪ್ರದೇಶವು ಬ್ರಿಟಿಷರ ಆಡಳಿತದಲ್ಲಿಯೇ ಉಳಿಯಿತು. ಅದು ಮೈಸೂರಿಗೆ ಮರಳಿದ್ದು 1947ರಲ್ಲಿ. ಎರಡು ಪುರಸಭೆಗಳು ಸೇರಿ ಒಂದೇ ನಗರಸಭೆಯಾದದ್ದು 1949ರಲ್ಲಿ.

ಈ ಸಂಗತಿಗಳಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಇಲ್ಲಿನ ಕ್ರೈಸ್ತ ಸಂಸ್ಥೆಗಳು ಸೈನ್ಯದ ನೆರಳಿನಲ್ಲಿ ಬೆಳೆದವು. ಅವುಗಳ ಚರಿತ್ರೆಯಲ್ಲಿ ಪರಾಧಿಕಾರದ ಬಣ್ಣ ಇದ್ದೇ ಇದೆ. ಆದರೆ ಆ ನೆರಳಿನಲ್ಲಿ ನಿಂತವರೆಲ್ಲರೂ ಅಧಿಕಾರಸ್ಥರಲ್ಲ. ಊರು ಬಿಟ್ಟು ಬಂದ ಕೂಲಿಕಾರರೂ ಅಡುಗೆಯವರೂ ಕುದುರೆಗಳನ್ನು ನೋಡಿಕೊಳ್ಳುವವರೂ ಅವರಲ್ಲಿದ್ದರು. ಇಂಥವರಿಗೆ ಕಾಯುವುದು ದಿನನಿತ್ಯದ ಅನುಭವವೇ ಆಗಿತ್ತು. ಆದಕಾರಣ ತಾಳ್ಮೆಯ ಚರಿತ್ರೆಯನ್ನು ಬರೆಯುವಾಗ ಕಾದವರು ಯಾರು, ಕಾಯಿಸಿದವರು ಯಾರು ಎಂಬ ಪ್ರಶ್ನೆಯನ್ನು ಮರೆಯಲಾಗದು.

3

ಈಗಿನ ಶಿವಾಜಿನಗರಕ್ಕೆ ಹಿಂದೆ ಬ್ಲಾಕ್‌ಪಳ್ಳಿ ಎಂಬ ಹೆಸರಿತ್ತು. 'ಬಿಳಿ ಅಕ್ಕಿ ಪಳ್ಳಿ' ಎಂಬುದು ಇಂಗ್ಲಿಷರ ಬಾಯಲ್ಲಿ ಹೀಗಾಯಿತೆಂದು ಒಂದು ಐತಿಹ್ಯವುಂಟು. ಸೆಂಜಿಯ ಕಡೆಯಿಂದ ವಲಸೆ ಬಂದ ತಮಿಳು ಕ್ರೈಸ್ತ ರೈತರು ಇಲ್ಲಿ ನೆಲೆಸಿದ್ದರೆಂದೂ ಹೇಳುತ್ತಾರೆ. ಇಲ್ಲಿನ ಸಂತ ಮೇರಿಯಮ್ಮನ ದೇವಾಲಯದ ಮೊದಲ ರೂಪವು ಒಂದು ಸಣ್ಣ ಪ್ರಾರ್ಥನಾಮಂದಿರ. 1818ರಲ್ಲಿ ಅದನ್ನು ಕಟ್ಟಿಸಿದವರು ಫ್ರೆಂಚ್ ಪಾದ್ರಿ ಆಬೆ ದುಬಾಯ್. ನಮ್ಮ ವಿಷಯಕ್ಕೆ ಇವರ ಜೀವನದಷ್ಟು ಬೋಧಪ್ರದವಾದ ಉದಾಹರಣೆ ಮತ್ತೊಂದು ಸಿಕ್ಕುವುದು ಕಷ್ಟ.

ದುಬಾಯ್ ಅವರು 1765ರಲ್ಲಿ ಜನಿಸಿ, 1792ರಲ್ಲಿ ದೀಕ್ಷೆ ಪಡೆದು, ಫ್ರಾನ್ಸಿನ ಮಹಾಕ್ರಾಂತಿಯ ಆ ದಿನಗಳಲ್ಲಿಯೇ ಭಾರತಕ್ಕೆ ಹೊರಟುಬಂದರು. ಶ್ರೀರಂಗಪಟ್ಟಣದ ಪತನದ ಅನಂತರ ಮೈಸೂರು ಸೀಮೆಯ ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸುವ ಕಾರ್ಯ ಅವರ ಪಾಲಿಗೆ ಬಂದಿತು. ನಾಡಿನ ಜನರಂತೆ ಉಡುಗೆ ತೊಟ್ಟು, ಮಾಂಸಾಹಾರವನ್ನು ತೊರೆದು, ಜನರ ಆಚಾರವ್ಯವಹಾರಗಳನ್ನು ಹತ್ತಿರದಿಂದ ನೋಡಿ ಬದುಕಿದರು. ಹಿಂದೂಗಳ ಆಚಾರಗಳನ್ನು ಕುರಿತು ಅವರ ಹೆಸರಿನಲ್ಲಿ 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಗ್ರಂಥವು ಯೂರೋಪಿನಲ್ಲೆಲ್ಲ ಖ್ಯಾತಿ ಪಡೆಯಿತು. ಅದರ ಬಹುಭಾಗವು ಹದಿನೆಂಟನೆಯ ಶತಮಾನದ ಪಾದ್ರಿ ಕೂರ್ದು ಅವರ ಬರಹವನ್ನು ಆಧರಿಸಿದ್ದೆಂದು ಈಚಿನ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಸಿಡುಬಿನ ವಿರುದ್ಧ ದೇವಿ ಹಾಕಿಸುವ ಪದ್ಧತಿಯನ್ನು ಮೈಸೂರು ಸೀಮೆಯಲ್ಲಿ ಹರಡಲು ಅವರು ಶ್ರಮಿಸಿದರು. ಹಾಸನದ ಸಮೀಪದ ಸತ್ತಿಹಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆಯೊಂದನ್ನು ಏರ್ಪಡಿಸಿದರು. 'ದೊಡ್ಡ ಸ್ವಾಮಿಯವರು' ಎಂದು ಜನ ಅವರನ್ನು ಕರೆಯುತ್ತಿದ್ದರು.

ಹೀಗೆ ಮೂವತ್ತು ವರ್ಷ ದುಡಿದ ಮನುಷ್ಯನು 1823ರ ಜನವರಿಯಲ್ಲಿ ಭಾರತವನ್ನು ಬಿಟ್ಟು ಹೊರಟರು, ಮತ್ತೆ ಬರಲಿಲ್ಲ. ಅದೇ ವರ್ಷ ಲಂಡನ್ನಿನಲ್ಲಿ ಅವರ ಪತ್ರಗಳ ಸಂಪುಟವೊಂದು ಹೊರಬಂದಿತು. ಆಗಿನ ಪರಿಸ್ಥಿತಿಯಲ್ಲಿ ಹಿಂದೂಗಳು ಕ್ರೈಸ್ತಮತವನ್ನು ಸ್ವೀಕರಿಸುವ ಸಂಭವವೇ ಇಲ್ಲವೆಂದೂ, ಬೈಬಲನ್ನು ಭಾಷಾಂತರಿಸಿ ಹಂಚುವುದರಿಂದ ಪ್ರಯೋಜನಕ್ಕಿಂತ ಹಾನಿಯೇ ಹೆಚ್ಚೆಂದೂ ಅವರು ಅದರಲ್ಲಿ ಪ್ರತಿಪಾದಿಸಿದರು. ಜೇಮ್ಸ್ ಹೌ, ಹೆನ್ರಿ ಟೌನ್ಲಿ ಎಂಬ ಪ್ರಾಟೆಸ್ಟಂಟ್ ಪಾದ್ರಿಗಳು 1824ರಲ್ಲಿ ಇದಕ್ಕೆ ಉತ್ತರರೂಪವಾದ ಪುಸ್ತಕಗಳನ್ನು ಪ್ರಕಟಿಸಿದರು. ಆ ವಾದವಿವಾದದಲ್ಲಿ ಯಾರದು ಸರಿ ಎಂಬುದು ಇಲ್ಲಿ ಪ್ರಸ್ತುತವಲ್ಲ. ದುಬಾಯ್ ಅವರ ತೀರ್ಪು ಮತ ಸ್ವೀಕರಿಸಿದವರ ಎಣಿಕೆಯೊಂದನ್ನೇ ಮುಖ್ಯವಾಗಿ ಆಧರಿಸಿತ್ತೆಂಬುದು ನಾವು ಗಮನಿಸಬೇಕಾದ ಅಂಶ. ದೇವಿ ಹಾಕಿಸಿಕೊಂಡು ಬದುಕಿದ ಮಕ್ಕಳು, ಸತ್ತಿಹಳ್ಳಿಯಲ್ಲಿ ಉತ್ತ ಹೊಲಗಳು, ಬ್ಲಾಕ್‌ಪಳ್ಳಿಯ ಸಣ್ಣ ಮಂದಿರ ಇವು ಯಾವುವೂ ಆ ಲೆಕ್ಕದ ಪುಸ್ತಕದಲ್ಲಿ ಜಮೆಯಾಗಲಿಲ್ಲ.

ಅವರು ಹೋದ ತರುವಾಯ ಮಂದಿರವು ಉಳಿಯಿತು. ಪಾದ್ರಿ ಕ್ಲೈನರ್ ಅವರ ಕಾಲದಲ್ಲಿ, 1875ರಿಂದ 1882ರ ವರೆಗೆ, ಅದೇ ಸ್ಥಳದಲ್ಲಿ ಗಾಥಿಕ್ ಶೈಲಿಯ ಈಗಿನ ದೇವಾಲಯವು ಎದ್ದಿತು. 1973ರಲ್ಲಿ ಅದಕ್ಕೆ ಬೆಸಿಲಿಕ ಎಂಬ ಪದವಿ ದೊರೆಯಿತು. ಪ್ರತಿವರ್ಷ ಆಗಸ್ಟ್ 29ರಂದು ಧ್ವಜವೇರಿಸಿ, ಒಂಬತ್ತು ದಿನಗಳ ಪ್ರಾರ್ಥನೆಯನ್ನು ನಡೆಸಿ, ಸೆಪ್ಟೆಂಬರ್ 8ರಂದು ಹಬ್ಬವನ್ನಾಚರಿಸುವಾಗ ನೆರೆಯುವ ಜನಸಮೂಹದಲ್ಲಿ ಎಲ್ಲ ಮತದವರೂ ಇರುತ್ತಾರೆ. ಯೇಸುವಿನ ಸ್ವರ್ಗಾರೋಹಣದ ಅನಂತರ ಪವಿತ್ರಾತ್ಮನಿಗಾಗಿ ಶಿಷ್ಯರು ಪ್ರಾರ್ಥನೆಯಲ್ಲಿ ಕಾದ ಅವಧಿಯ ನೆನಪು ಈ ಒಂಬತ್ತು ದಿನಗಳ ಆಚರಣೆಯ ಹಿಂದೆ ಇದೆ. ಕಾಯುವುದನ್ನೇ ಹಬ್ಬದ ಭಾಗವನ್ನಾಗಿ ಮಾಡಿಕೊಂಡ ಕ್ರಮವಿದು. ದುಬಾಯ್ ಅವರ ಉತ್ತರಜೀವನವೂ ಅವರ ತೀರ್ಪಿಗೆ ಪೂರ್ತಿ ಹೊಂದುವುದಿಲ್ಲ. ಪ್ಯಾರಿಸಿನಲ್ಲಿ ಹೊರನಾಡಿನ ಸೇವೆಗೆ ಯುವಕರನ್ನು ಸಿದ್ಧಗೊಳಿಸುವ ಗುರುಮಠದಲ್ಲಿ ನೆಲೆಸಿ, 1836ರಿಂದ 1839ರ ವರೆಗೆ ಅದರ ಮುಖ್ಯಸ್ಥರಾಗಿದ್ದು, 1848ರಲ್ಲಿ ತೀರಿಕೊಂಡರು. ಫಲವಿಲ್ಲವೆಂದು ತಾವೇ ಬರೆದ ಕೆಲಸಕ್ಕೆ ಇತರರನ್ನು ಕಳುಹಿಸಿಕೊಡುತ್ತ ಕೊನೆಯ ಕಾಲವನ್ನು ಕಳೆದರೆಂಬುದನ್ನು ನೋಡಿದರೆ, ಅವರ ಲೇಖನಿ ಸೋತಷ್ಟು ಅವರ ಮನಸ್ಸು ಸೋತಿರಲಿಲ್ಲವೆಂದು ಊಹಿಸಬಹುದು.

4

ದುಬಾಯ್ ಅವರು ವ್ಯರ್ಥವೆಂದು ಕಂಡ ಭಾಷಾಂತರದ ಕಾರ್ಯವು ಅದೇ ಕಾಲದಲ್ಲಿ ಬೇರೆ ಕಡೆ ನಡೆಯುತ್ತಿತ್ತು. ಬಂಗಾಳದ ಶ್ರೀರಾಂಪುರದಲ್ಲಿ ವಿಲಿಯಂ ಕೇರಿ ಅವರು ಹಲವು ಭಾರತೀಯ ಭಾಷೆಗಳಲ್ಲಿ ಬೈಬಲ್ ಅನುವಾದಗಳನ್ನು ಸಿದ್ಧಪಡಿಸುತ್ತಿದ್ದರು. 1812ರ ಮಾರ್ಚ್ ತಿಂಗಳಲ್ಲಿ ಅಲ್ಲಿನ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ಅಚ್ಚಿನ ಮೊಳೆಗಳೂ ಕಾಗದವೂ ಹಸ್ತಪ್ರತಿಗಳೂ ನಾಶವಾದವು. ಸುಟ್ಟುಹೋದವುಗಳಲ್ಲಿ ಕನ್ನಡದ ಹಸ್ತಪ್ರತಿಗಳೂ ಸೇರಿದ್ದವು. ಕೇರಿ ಅವರು ಮೊದಲಿನಿಂದ ಮತ್ತೆ ಆರಂಭಿಸಿದರು. 1817ರಲ್ಲಿ ಅವರ ಕನ್ನಡ ವ್ಯಾಕರಣವು ಅಚ್ಚಾಯಿತು.

ಕನ್ನಡ ನಾಡಿನೊಳಗೆ ಈ ಕೆಲಸವನ್ನು ಕೈಗೊಂಡವರು ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್. 1810ರಲ್ಲಿ ಬಳ್ಳಾರಿಗೆ ಬಂದಾಗ ಅವರ ಕೈಗೆ ಮುದ್ರಿತವಾದ ಕನ್ನಡ ವ್ಯಾಕರಣವಾಗಲಿ ನಿಘಂಟಾಗಲಿ ಸಿಕ್ಕುವಂತಿರಲಿಲ್ಲ. ಜನರ ಬಾಯಿಂದ ಭಾಷೆಯನ್ನು ಕಲಿತು, ಸ್ಥಳೀಯ ಪಂಡಿತರ ನೆರವಿನಿಂದ ಅನುವಾದವನ್ನು ತಿದ್ದಿ ಬರೆದು, ಅಚ್ಚಿನ ಮೊಳೆಗಳು ಸಿದ್ಧವಾಗುವುದನ್ನು ಕಾದು, 1820ರ ದಶಕದಲ್ಲಿ ಹೊಸ ಒಡಂಬಡಿಕೆಯನ್ನೂ 1831ರಲ್ಲಿ ಇಡೀ ಬೈಬಲನ್ನೂ ಅವರು ಕನ್ನಡದಲ್ಲಿ ಹೊರತರುವಂತಾಯಿತು. ಬಳ್ಳಾರಿಯಲ್ಲಿಯೂ ಅನಂತರ ಬೆಂಗಳೂರಿನಲ್ಲಿಯೂ ಇದ್ದ ವಿಲಿಯಂ ರೀವ್ ಅವರು 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಪ್ರಕಟಿಸಿದರು. ಪಂಡಿತರ ಹೆಸರುಗಳು ಈ ಪುಸ್ತಕಗಳ ಮುಖಪತ್ರದಲ್ಲಿ ಕಾಣುವುದಿಲ್ಲವಾದರೂ ಅವರ ತಾಳ್ಮೆಯಿಲ್ಲದೆ ಇವು ಒಂದು ಪುಟವೂ ಮುಂದುವರಿಯುತ್ತಿರಲಿಲ್ಲ. ತಪ್ಪುತಪ್ಪಾಗಿ ಮಾತನಾಡುವ ವಿದೇಶೀಯನನ್ನು ದಿನವೂ ತಿದ್ದುತ್ತ ಕುಳಿತವರು ಅವರು.

ಬೆಂಗಳೂರಿನ ದಂಡುಪ್ರದೇಶಕ್ಕೆ ಲಂಡನ್ ಮಿಷನ್ನಿನ ಲೈಡ್ಲರ್, ಫೋರ್ಬ್ಸ್ ಎಂಬವರು ಬಂದದ್ದು 1820ರಲ್ಲಿ. ಮೊದಲ ವರ್ಷಗಳ ಕಾರ್ಯವು ಬಹುಮಟ್ಟಿಗೆ ದಂಡಿನ ತಮಿಳರ ನಡುವೆಯೇ ನಡೆಯಿತು. ಆ ಸಭೆಯನ್ನು ಕಟ್ಟುವುದರಲ್ಲಿ ಸ್ಯಾಮ್ಯುಅಲ್ ಫ್ಲೇವೆಲ್ ಎಂಬ ತಮಿಳು ಬೋಧಕರ ಪಾತ್ರ ದೊಡ್ಡದು; ಅವರು ಮುಂದೆ ಬಳ್ಳಾರಿಗೆ ಹೋಗಿ 1847ರಲ್ಲಿ ಅಲ್ಲಿಯೇ ತೀರಿಕೊಂಡರು. ಪೇಟೆಯ ಕನ್ನಡಿಗರ ನಡುವೆ ಸ್ಥಿರವಾಗಿ ನಿಂತ ಹೆಸರು ಬೆಂಜಮಿನ್ ರೈಸ್ ಅವರದು. 1837ರಲ್ಲಿ ಬೆಂಗಳೂರಿಗೆ ಬಂದ ಅವರು 1887ರಲ್ಲಿ ಸಾಯುವ ವರೆಗೆ ಐವತ್ತು ವರ್ಷ ಈ ಕಾರ್ಯದಲ್ಲಿ ಉಳಿದರು. ಆ ಐವತ್ತು ವರ್ಷಗಳಲ್ಲಿ ಅವರ ಸಭೆಯು ಸಂಖ್ಯೆಯಲ್ಲಿ ಸಣ್ಣದಾಗಿಯೇ ಇತ್ತು. ದುಬಾಯ್ ಅವರ ಅಳತೆಗೋಲಿನಿಂದ ಅಳೆದರೆ ಇದೂ ಸೋಲೇ ಸರಿ. ಆದರೆ ಆ ಕಾಲವನ್ನು ತುಂಬಿದ ಕೆಲಸಗಳನ್ನು ನೋಡಬೇಕು. 1842ರಲ್ಲಿ ಲಂಡನ್ ಮಿಷನ್ನಿನ ಹೆಣ್ಣುಮಕ್ಕಳ ಶಾಲೆ ಆರಂಭವಾಯಿತು. ಅದೇ ಮುಂದೆ ಮಿತ್ರಾಲಯವೆಂದು ಹೆಸರಾಯಿತು. ಪಠ್ಯಪುಸ್ತಕಗಳು ಸಿದ್ಧವಾದವು. ಹ್ಯಾಂಡ್ಸ್ ಅವರ ಬೈಬಲಿನ ಕನ್ನಡ ತೃಪ್ತಿಕರವಾಗಿಲ್ಲವೆಂದು ಕಂಡಾಗ ಲಂಡನ್, ವೆಸ್ಲಿಯನ್, ಬಾಸೆಲ್ ಮಿಷನ್ನುಗಳವರು ಕೂಡಿ ಅದನ್ನು ಪರಿಷ್ಕರಿಸಲು ತೊಡಗಿದರು. ಶತಮಾನದ ನಡುವಿನ ದಶಕಗಳು ಈ ತಿದ್ದುವಿಕೆಯಲ್ಲಿ ಕಳೆದವು. ಪರಿಷ್ಕರಣದಲ್ಲಿ ಬಹುವಾಗಿ ಶ್ರಮಿಸಿದ ಬಾಸೆಲ್ ಮಿಷನ್ನಿನ ವೈಗ್ಲೆ ಅವರು ಕೆಲಸ ಮುಗಿಯುವ ಮೊದಲೇ 1855ರಲ್ಲಿ ತೀರಿಕೊಂಡರು, ಉಳಿದವರು ಮುಂದುವರಿಸಿದರು.

ಇಲ್ಲಿ ಗಮನಿಸಬೇಕಾದ ವಿಶೇಷವೊಂದುಂಟು. ತಮ್ಮ ಮಾತನ್ನು ಕೇಳುವವರಿಗಾಗಿ ಕಾಯುತ್ತಿದ್ದ ಈ ಪಾದ್ರಿಗಳು ಕಾಲಕ್ರಮದಲ್ಲಿ ತಾವೇ ಕೇಳುವವರಾದರು. ಬೆಂಗಳೂರಿನ ವೆಸ್ಲಿಯನ್ ಮುದ್ರಣಾಲಯದಿಂದ 1840ರ ದಶಕದ ಕೊನೆಗೆ ಜಾನ್ ಗ್ಯಾರೆಟ್ ಅವರು ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಪಾಠಗಳೊಡನೆ ಅಚ್ಚು ಮಾಡಿಸಿದರು. ಡೇನಿಯಲ್ ಸ್ಯಾಂಡರ್ಸನ್ ಅವರು 1852ರಲ್ಲಿ ಜೈಮಿನಿ ಭಾರತವನ್ನು ಸಂಪಾದಿಸಿದರು. 1858ರಲ್ಲಿ ರೀವ್ ಅವರ ನಿಘಂಟನ್ನು ತಿದ್ದಿ ವಿಸ್ತರಿಸಿದರು. 1853ರಲ್ಲಿ ಕನ್ನಡ ನಾಡಿಗೆ ಬಂದ ಫರ್ಡಿನಂಡ್ ಕಿಟ್ಟೆಲ್ ಅವರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ಮಹಾಕೋಶವು ಈ ಸಾಲಿನ ಶಿಖರ. ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಿಂದ ಕಿಟ್ಟೆಲ್ ಅವರ ಕೋಶಕ್ಕೆ ಅರುವತ್ತೆರಡು ವರ್ಷ ಹಿಡಿಯಿತು. ದಂಡುಪ್ರದೇಶದ ಈಗಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಕಿಟ್ಟೆಲ್ ಅವರ ಪ್ರತಿಮೆಯನ್ನು ಕನ್ನಡಿಗರು ನಿಲ್ಲಿಸಿದ್ದು ಈ ಕೋಶಕ್ಕಾಗಿ. ಬೆಂಜಮಿನ್ ರೈಸ್ ಅವರ ಮಗ, 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ. ಎಲ್. ರೈಸ್ ಅವರು ಪಾದ್ರಿಯಾಗದೆ ಸಂಸ್ಥಾನದ ಸೇವೆಗೆ ಸೇರಿ ಶಾಸನಗಳ ಸಂಗ್ರಹಕ್ಕೆ ಕೈಯಿಕ್ಕಿದರು. 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳಿಲ್ಲದೆ ನಮ್ಮ ಇಲಾಖೆಗಳ ಚರಿತ್ರಾಭ್ಯಾಸವು ಇಂದಿಗೂ ಸಾಗದು. ಮತ್ತೊಬ್ಬ ಮಗ ಇ. ಪಿ. ರೈಸ್ ಅವರು ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು.

ಈ ಫಲಗಳು ಯಾವುವೂ 1820ರಲ್ಲಿ ಬಂದವರು ನಿರೀಕ್ಷಿಸಿದ ಫಲಗಳಲ್ಲ. ಅವರು ಒಂದು ಬೆಳೆಗಾಗಿ ಬಿತ್ತಿದರು. ಕುಯ್ಲಿಗೆ ಬಂದದ್ದು ಮತ್ತೊಂದು ಬೆಳೆ. ನಿರೀಕ್ಷಿಸಿದ್ದು ಬಾರದಿರುವಾಗ ಕೈಯಲ್ಲಿದ್ದುದನ್ನು ಕಾಪಾಡುತ್ತ ತಿದ್ದುತ್ತ ಇದ್ದುದರಿಂದಲೇ ಇದು ಸಾಧ್ಯವಾಯಿತೆಂದು ನಮ್ಮ ಅಭಿಪ್ರಾಯ. ಸಂಕಟದಿಂದ ತಾಳ್ಮೆಯೂ ತಾಳ್ಮೆಯಿಂದ ಪಕ್ವತೆಯೂ ಪಕ್ವತೆಯಿಂದ ನಿರೀಕ್ಷೆಯೂ ಹುಟ್ಟುತ್ತದೆಂದು ಸಂತ ಪೌಲನು ರೋಮಿನ ಸಭೆಗೆ ಬರೆದ ಪತ್ರದಲ್ಲಿ ಒಂದು ಕ್ರಮವನ್ನು ಹೇಳುತ್ತಾನೆ. ನಿರೀಕ್ಷೆಯು ಈ ಸಾಲಿನ ಮೊದಲಿಗಲ್ಲ, ಕೊನೆಗೆ ಬರುತ್ತದೆಂಬುದನ್ನು ಓದುಗರು ಗಮನಿಸಬೇಕು.

5

ಇಪ್ಪತ್ತನೆಯ ಶತಮಾನದಲ್ಲಿ ಕಾಯುವಿಕೆಯ ಮತ್ತೊಂದು ಬಗೆ ಕಾಣಿಸುತ್ತದೆ. ಇಲ್ಲಿ ಒಬ್ಬರು ಮತ್ತೊಬ್ಬರಿಗಾಗಿ ಕಾಯಬೇಕಾಯಿತು. ದಂಡುಪ್ರದೇಶದಲ್ಲಿ 1910ರಲ್ಲಿ ಸ್ಥಾಪಿತವಾದ ಸಂಯುಕ್ತ ದೈವಜ್ಞಾನ ಕಾಲೇಜು ಬೇರೆಬೇರೆ ಮಿಷನ್ನುಗಳ ಸಹಕಾರದಿಂದ ಹುಟ್ಟಿದ ಸಂಸ್ಥೆ. ಹಿಂದೆ ಬೇರೆಬೇರೆಯಾಗಿ ಬೋಧಿಸುತ್ತಿದ್ದ ಪಂಥಗಳ ವಿದ್ಯಾರ್ಥಿಗಳು ಇಲ್ಲಿ ಒಂದೇ ತರಗತಿಯಲ್ಲಿ ಕುಳಿತರು. ಆ ಮೊದಲೇ, 1908ರಲ್ಲಿ, ದಕ್ಷಿಣ ಭಾರತದ ಕೆಲವು ಪ್ರಾಟೆಸ್ಟಂಟ್ ಸಭೆಗಳು ಒಂದಾಗಿದ್ದವು. 1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ನೆರೆದ ಬೋಧಕರು ಆಂಗ್ಲಿಕನ್ ಸಭೆಯೂ ಸೇರಿದ ದೊಡ್ಡ ಐಕ್ಯಕ್ಕೆ ಕರೆಕೊಟ್ಟರು. ಅವರಲ್ಲಿ ಪ್ರಮುಖರು ದೋರ್ನಕಲ್ಲಿನ ಬಿಷಪ್ ವಿ. ಎಸ್. ಅಜರಯ್ಯ.

ಕರೆ ಕೊಟ್ಟ ದಿನದಿಂದ ಐಕ್ಯ ನಡೆಯುವ ವರೆಗೆ ಇಪ್ಪತ್ತೆಂಟು ವರ್ಷ ಕಳೆದವು. ಬಿಷಪ್ಪರ ಪದವಿಯ ಅರ್ಥವೇನು, ಬಿಷಪ್ಪರಿಂದ ದೀಕ್ಷೆ ಪಡೆಯದ ಬೋಧಕರ ಸ್ಥಾನವೇನು ಎಂಬ ಪ್ರಶ್ನೆಗಳು ಮತ್ತೆ ಮತ್ತೆ ಎದ್ದವು. ಹೊರಗಿನಿಂದ ನೋಡುವವರಿಗೆ ಇವು ಕೂದಲು ಸೀಳುವ ತರ್ಕವೆಂದು ತೋರಬಹುದು. ಆದರೆ ಒಳಗಿನವರಿಗೆ ಅವರವರ ಹಿರಿಯರು ಕಾಪಾಡಿಕೊಂಡು ಬಂದದ್ದರ ಮಾತಾಗಿತ್ತು. ಬಹುಮತದಿಂದ ತೀರ್ಮಾನಿಸಿ ಮುಂದೆ ಸಾಗದೆ, ಹಿಂದುಳಿದವರ ಸಂಶಯ ನಿವೃತ್ತಿಯಾಗುವುದನ್ನು ಕಾದದ್ದರಿಂದ ಕಾಲ ಹಿಡಿಯಿತು. ಅಜರಯ್ಯನವರು 1945ರ ಜನವರಿ 1ರಂದು ತೀರಿಕೊಂಡರು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪಿತವಾದಾಗ ಅವರಿರಲಿಲ್ಲ. ಐಕ್ಯದ ಒಪ್ಪಂದವು ಒಂದು ಹೊಸ ಕಾಯುವಿಕೆಯನ್ನೂ ತನ್ನಲ್ಲಿ ಸೇರಿಸಿಕೊಂಡಿತ್ತು. ಅದಾಗಲೇ ಸೇವೆಯಲ್ಲಿದ್ದ ಬೋಧಕರೆಲ್ಲರನ್ನೂ ಅಂಗೀಕರಿಸಿ, ಬೋಧಕವರ್ಗವು ಸಂಪೂರ್ಣವಾಗಿ ಒಂದಾಗಲು ಮೂವತ್ತು ವರ್ಷಗಳ ಅವಧಿಯನ್ನು ಗೊತ್ತುಪಡಿಸಿತು. ಗೊತ್ತಾಗದ ಪ್ರಶ್ನೆಯನ್ನು ಬಲಾತ್ಕಾರದಿಂದ ಮುಗಿಸದೆ, ಒಟ್ಟಿಗೆ ಬಾಳುತ್ತ ಬಗೆಹರಿಸಿಕೊಳ್ಳುವ ಈ ಏರ್ಪಾಡು ಸಂಸ್ಥೆಗಳ ಚರಿತ್ರೆಯಲ್ಲಿ ಅಪರೂಪವಾದದ್ದು. 'ಮಕ್ರೊಥೂಮಿಯ' ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾವು ಕಾಣೆವು.

6

ಇಷ್ಟಕ್ಕೆ ನಿಲ್ಲಿಸಿದರೆ ಚರಿತ್ರೆ ಅಪೂರ್ಣವಾಗುತ್ತದೆ. ತಾಳ್ಮೆಯನ್ನು ಹೊಗಳುವವನು ಎಲ್ಲಿ ನಿಂತು ಹೊಗಳುತ್ತಾನೆಂಬುದು ಮುಖ್ಯ. ಸಂಯುಕ್ತ ಕಾಲೇಜು ಸ್ಥಾಪಿತವಾದ 1910ರಲ್ಲಿಯೇ ಎಡಿನ್‌ಬರೋ ನಗರದ ಜಾಗತಿಕ ಸಮ್ಮೇಳನದಲ್ಲಿ, ಇನ್ನೂ ಬಿಷಪ್ ಆಗಿರದ ಅಜರಯ್ಯನವರು, ವಿದೇಶೀ ಪಾದ್ರಿಗಳು ದಾನವನ್ನೂ ತ್ಯಾಗವನ್ನೂ ತೋರಿಸಿದ್ದಾರೆ, ಆದರೆ ಸಮಾನರೊಡನೆ ಇರಬೇಕಾದ ಸ್ನೇಹವನ್ನು ಕೊಟ್ಟಿಲ್ಲವೆಂದು ನಿರ್ಭೀತಿಯಿಂದ ಹೇಳಿದರು. ಎರಡು ವರ್ಷಗಳ ತರುವಾಯ ಅವರು ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದರು. ಬೆಂಗಳೂರಿನ ಕಾಲೇಜಿಗಾದರೋ ಮೊದಲ ಭಾರತೀಯ ಪ್ರಾಂಶುಪಾಲರು ದೊರೆತದ್ದು 1954ರಲ್ಲಿ, ಜೆ. ರಸೆಲ್ ಚಂದ್ರನ್ ಅವರ ನೇಮಕದಿಂದ. ನಲವತ್ತನಾಲ್ಕು ವರ್ಷಗಳ ಈ ವಿಳಂಬವನ್ನು ಭಾರತೀಯರ ತಾಳ್ಮೆಯೆಂದು ಮಾತ್ರ ವರ್ಣಿಸಿದರೆ ಅದು ಸತ್ಯದ ಅರ್ಧಭಾಗವಾಗುತ್ತದೆ.

ಜಾತಿಯ ವಿಷಯದಲ್ಲಿ ಇದು ಇನ್ನೂ ತೀವ್ರವಾದುದು. ಸಭೆಯೊಳಗಿನ ಜಾತಿಭೇದವನ್ನು ತಡಮಾಡದೆ ತ್ಯಜಿಸಬೇಕೆಂದು ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಅವರು 1833ರಲ್ಲಿಯೇ ದಕ್ಷಿಣದ ಸಭೆಗಳಿಗೆ ಆಜ್ಞಾಪತ್ರ ಕಳುಹಿಸಿದ್ದರು. ಆದರೂ ಬೇರೆ ಆಸನ, ಬೇರೆ ಸ್ಮಶಾನ ಎಂಬ ಪದ್ಧತಿಗಳು ಹಲವು ಕಡೆ ಬಹುಕಾಲ ಉಳಿದವು. ಸ್ವತಂತ್ರ ಭಾರತದಲ್ಲಿ 1950ರ ರಾಷ್ಟ್ರಪತಿಗಳ ಆಜ್ಞೆಯು ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೂ ಕೆಲವು ಸಿಖ್ ಪಂಗಡಗಳಿಗೂ ಸೀಮಿತಗೊಳಿಸಿತು. 1956ರಲ್ಲಿ ಅದು ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತಾರವಾಯಿತು. ದಲಿತ ಕ್ರೈಸ್ತರ ಪರವಾಗಿ 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಅರ್ಜಿ ಸಲ್ಲಿತು; 2022ರಲ್ಲಿ ಕೇಂದ್ರ ಸರ್ಕಾರವು ಈ ಪ್ರಶ್ನೆಯ ವಿಚಾರಣೆಗೆ ಆಯೋಗವೊಂದನ್ನು ನೇಮಿಸಿತು. ಸಭೆಯೊಳಗೆ ಜಾತಿಯ ಕಾರಣದಿಂದ, ರಾಜ್ಯದ ಎದುರಿಗೆ ಮತದ ಕಾರಣದಿಂದ, ಹೀಗೆ ಎರಡು ಬಾಗಿಲುಗಳ ಮುಂದೆ ಕಾಯಬೇಕಾಗಿ ಬಂದವರಿಗೆ ತಾಳ್ಮೆಯ ಉಪದೇಶ ಮಾಡುವ ಯೋಗ್ಯತೆ ಯಾರಿಗಿದೆ? ಹೊರೆಯ ಅಡಿಯಲ್ಲಿ ನಿಲ್ಲುವುದು ಸದ್ಗುಣವಾಗಬಹುದು. ಮತ್ತೊಬ್ಬನ ತಲೆಯ ಮೇಲೆ ಹೊರೆಯಿಟ್ಟು ನಿಲ್ಲೆಂದು ಹೇಳುವುದು ಸದ್ಗುಣವಲ್ಲ. ಬೈಬಲಿನಲ್ಲಿಯೇ, ನ್ಯಾಯಕ್ಕಾಗಿ ಬಿಡದೆ ನ್ಯಾಯಾಧಿಪತಿಯನ್ನು ಕಾಡಿದ ವಿಧವೆಯ ಸಾಮ್ಯವಿದೆ. ಅವಳ ಛಲವನ್ನು ಯೇಸುವು ಪ್ರಾರ್ಥನೆಯ ಮಾದರಿಯಾಗಿ ತೋರಿಸಿದನೆಂಬುದನ್ನು ಮರೆಯಬಾರದು. ಬಾಗಿಲನ್ನು ತಟ್ಟುತ್ತಲೇ ಕಾಯುವುದೂ ತಾಳ್ಮೆಯ ಒಂದು ರೂಪ.

7

ಮೇಲ್ಕಂಡ ಸಂಗತಿಗಳಿಂದ ಕೆಲವು ನಿರ್ಣಯಗಳಿಗೆ ಬರಬಹುದಾಗಿದೆ. ಮೊದಲನೆಯದಾಗಿ, ದಂಡುಪ್ರದೇಶದ ಕ್ರೈಸ್ತ ಜೀವನದಲ್ಲಿ ತಾಳ್ಮೆಯು ಹುಟ್ಟುಗುಣವಾಗಿ ಕಾಣದೆ, ದೀರ್ಘಕಾಲದ ಅಭ್ಯಾಸದಿಂದ ಬೆಳೆದ ಶಕ್ತಿಯಾಗಿ ಕಾಣುತ್ತದೆ. ಎರಡನೆಯದಾಗಿ, ಕಾಯುವ ಕಾಲದಲ್ಲಿ ದಿನವೂ ಕಾಪಾಡಲು ಏನಾದರೊಂದು ಇದ್ದವರಲ್ಲಿ, ಅದು ಒಂದು ಹಸ್ತಪ್ರತಿಯಾಗಲಿ, ಒಂದು ಶಾಲೆಯಾಗಲಿ, ಪರಸ್ಪರ ಸ್ನೇಹವಾಗಲಿ, ಈ ಬೆಳವಣಿಗೆ ಹೆಚ್ಚು ಸ್ಪಷ್ಟವಾಗಿದೆ. ಮೂರನೆಯದಾಗಿ, ಫಲವನ್ನು ಒಂದೇ ಅಳತೆಗೋಲಿನಿಂದ ಅಳೆದವರು ತಮ್ಮ ಒಳ್ಳೆಯ ಕೆಲಸವನ್ನು ತಾವೇ ಕಾಣದೆ ಹೋದರು. ನಾಲ್ಕನೆಯದಾಗಿ, ತಾಳ್ಮೆಯನ್ನು ತಾನು ತಾಳಬಹುದು, ಇತರರಿಂದ ವಸೂಲು ಮಾಡಲಾಗದು.

ಕೃಷ್ಣರಾಜಪುರದ ಕಡೆಯ ಹಳ್ಳಿಗಳು ನಗರವಾಗುವ ಮೊದಲು ಅಲ್ಲಿನ ಹೊಲಗಳಲ್ಲಿ ರಾಗಿಯನ್ನೂ ಅವರೆಯನ್ನೂ ಬೆಳೆಯುತ್ತಿದ್ದರು. ಸಂತ ಯಾಕೋಬನು ತನ್ನ ಪತ್ರದಲ್ಲಿ ಮೊದಲ ಮಳೆಯನ್ನೂ ಕೊನೆಯ ಮಳೆಯನ್ನೂ ಕಾದಿರುವ ಬೇಸಾಯಗಾರನನ್ನು ತಾಳ್ಮೆಗೆ ದೃಷ್ಟಾಂತವಾಗಿ ಕೊಡುತ್ತಾನೆ. ಮುಂಗಾರು ಹಿಂಗಾರುಗಳನ್ನು ಬಲ್ಲ ನಮ್ಮ ಓದುಗರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಮಳೆಗಾಗಿ ಕಾಯುವ ರೈತನು ಸುಮ್ಮನೆ ಮುಗಿಲು ನೋಡುತ್ತ ಕುಳಿತಿರುವುದಿಲ್ಲ. ಕುಂಟೆ ಹೊಡೆಯುತ್ತಾನೆ, ಕಳೆ ಕೀಳುತ್ತಾನೆ, ಪೈರಿಗೆ ದನ ನುಗ್ಗದಂತೆ ನೋಡಿಕೊಳ್ಳುತ್ತಾನೆ. ಕೆರೆಯ ತೂಬನ್ನು ಮೇಲಿನ ಹೊಲದವನು ಅನ್ಯಾಯವಾಗಿ ಮುಚ್ಚಿದ್ದರೆ ಊರಿನವರನ್ನು ಸೇರಿಸಿ ಕೇಳುತ್ತಾನೆ. ಮಳೆ ಅವನ ಕೈಯಲ್ಲಿಲ್ಲ. ಹೊಲ ಅವನ ಕೈಯಲ್ಲಿದೆ. 'ತಾಳಿದವನು ಬಾಳಿಯಾನು' ಎಂಬ ಗಾದೆ ಇಂಥ ರೈತರ ನಾಡಿನ ಮಾತು.

ಶ್ರೀರಾಂಪುರದ ಬೂದಿಯ ಮುಂದೆ ಕುಳಿತ ಅನುವಾದಕನಿಗೂ, ಹ್ಯಾಂಡ್ಸ್ ಅವರ ವಾಕ್ಯವನ್ನು ತಿದ್ದಿದ ಹೆಸರಿಲ್ಲದ ಪಂಡಿತನಿಗೂ, ಐಕ್ಯವನ್ನು ಕಾಣದೆ ಕಣ್ಮುಚ್ಚಿದ ಅಜರಯ್ಯನವರಿಗೂ ಈ ರೈತನ ಗುರುತು ಚೆನ್ನಾಗಿಯೇ ಇದ್ದಿರಬೇಕು. ಇಂಥವರ ಕಾಯುವಿಕೆಯ ಕಾಲಗಳನ್ನು ನಮ್ಮ ಚರಿತ್ರಗ್ರಂಥಗಳು ಸಾಮಾನ್ಯವಾಗಿ ಖಾಲಿ ಪುಟಗಳೆಂದು ಬಿಟ್ಟುಬಿಡುತ್ತವೆ. ಆ ಪುಟಗಳನ್ನು ತುಂಬಲು ಬೇಕಾದ ಸಾಮಗ್ರಿ ದಂಡುಪ್ರದೇಶದ ಹಳೆಯ ದೇವಾಲಯಗಳ ದೀಕ್ಷಾಸ್ನಾನದ ಪಟ್ಟಿಗಳಲ್ಲಿಯೂ, ಶಾಲೆಗಳ ಹಾಜರಿ ಪುಸ್ತಕಗಳಲ್ಲಿಯೂ, ಸ್ಮಶಾನದ ಕಲ್ಲುಗಳಲ್ಲಿಯೂ ದೊರೆಯಬಹುದು. ತರುಣ ವಿದ್ಯಾರ್ಥಿಗಳು ಈ ದಿಕ್ಕಿನಲ್ಲಿ ಕೈಹಾಕುವರೆಂದು ನಾವು ಆಶಿಸುತ್ತೇವೆ.